ಯಾಕಪಾ ಮೇಷ್ಟ್ರು ಮತ್ತು ಮದ್ದು ಪಾಯಸ

ನಮ್ಮ ಬ್ಯಾಚಿನಲ್ಲಿ ನಾಲ್ಕು ಸಾಲು ನೆಟ್ಟಗೆ ಬರೆಯಬಲ್ಲವನು ನಾನೊಬ್ಬನೇ ಎಂದು ಗೆಳೆಯರು ತೀರ್ಮಾನಿಸಿದ್ದಾರೆ. ಅದರಲ್ಲಿ ಸುಳ್ಳೇನಿಲ್ಲ. ಸಹಕಾರ ಸಂಘದ ವಾರ್ಷಿಕ ವರದಿಯನ್ನು ವರ್ಷಗಟ್ಟಲೆ ಬರೆದವನು ನಾನು, ಮಹಾಸಭೆಯಲ್ಲಿ ಯಾರೂ ಒಂದು ಅಕ್ಷರ ತಿದ್ದಲಿಲ್ಲ. ಹೀಗಾಗಿ, ಸಮಾಜಶಾಸ್ತ್ರದ ಮೇಷ್ಟ್ರು ಹಾವೇರಿ ಕಡೆಯ ತಮ್ಮ ಊರಿನಲ್ಲಿ ತೀರಿಕೊಂಡರೆಂಬ ಸುದ್ದಿ ಬಂದಾಗ, ಕಾಲೇಜಿನ ಸಂಚಿಕೆಗೆ ಅವರ ಬಗ್ಗೆ ಬರೆಯುವ ಕೆಲಸ ನನ್ನ ಪಾಲಿಗೆ ಬಂತು.

ಅವರಿಗೆ ನಾವಿಟ್ಟ ಹೆಸರು ‘ಯಾಕಪಾ ಮೇಷ್ಟ್ರು’. ಜೂನ್ ತಿಂಗಳಲ್ಲಿ ಮಡಿಕೇರಿಗೆ ವರ್ಗವಾಗಿ ಬಂದವರು. ಆ ಮಳೆಗಾಲ ಮುಗಿಯುವ ತನಕ ಅವರ ಒಂದು ಪಂಚೆಯೂ ಪೂರ್ತಿ ಒಣಗಲಿಲ್ಲ. ಮೊದಲ ದಿನವೇ ಒದ್ದೆ ಕೊಡೆಯನ್ನು ಬಾಗಿಲ ಸಂದಿಗೆ ಒರಗಿಸಿ, “ಇಷ್ಟು ಮಳಿ ಬಿದ್ರೂ ನೀವು ನಕ್ಕೋತ ಬಂದೀರಲ್ಲ, ಯಾಕಪಾ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ. ಮಳೆಗೆ ಕಾರಣ ಕೇಳುವವರನ್ನು ನಾವು ಅದುವರೆಗೆ ಕಂಡಿರಲಿಲ್ಲ.

ಪಠ್ಯದಲ್ಲಿ ಏನಿತ್ತು ಎಂದರೆ ಈಗ ಹೇಳಲಾರೆ. ಸಂಸ್ಕೃತಿಯ ಪಾಠ ಮಾತ್ರ ನೆನಪಿದೆ. ‘ಸಂಸ್ಕೃತಿ ಅಂದರೇನು?’ ಎಂಬ ಪ್ರಶ್ನೆಗೆ ಮುಂದಿನ ಬೆಂಚಿನವರು ಒಳ್ಳೆಯ ನಡತೆ, ಭರತನಾಟ್ಯ, ಕೊಡವರ ಉಡುಪಾದ ಕುಪ್ಯಚೇಲೆ ಎಂದೆಲ್ಲ ಹೇಳಿದರು. ಮೇಷ್ಟ್ರು ಬೋರ್ಡಿನ ಮೇಲೆ ಮಾನವಶಾಸ್ತ್ರಜ್ಞ ಎಡ್ವರ್ಡ್ ಟೈಲರ್ 1871ರಲ್ಲಿ ಕೊಟ್ಟ ವ್ಯಾಖ್ಯೆಯನ್ನು ಬಿಡಿಸಿ ಬರೆದರು: ಜ್ಞಾನ, ನಂಬಿಕೆ, ಕಲೆ, ನೀತಿ, ಕಾನೂನು, ಸಂಪ್ರದಾಯ, ಮನುಷ್ಯ ಸಮಾಜದಲ್ಲಿದ್ದು ಕಲಿತ ಮಿಕ್ಕ ಎಲ್ಲವೂ. ಆಮೇಲೆ ಕೊನೆಯ ಬೆಂಚಿನಲ್ಲಿ ಕೂತಿದ್ದ ಜೇನುಕುರುಬರ ಹುಡುಗನ ಕಡೆ ತಿರುಗಿದರು. “ನಮ್ಮಲ್ಲಿ ಎಂಥದೂ ಇಲ್ಲ ಸಾರ್” ಎಂದ ಅವನು. “ಜೇನು ಹೆಂಗ ಇಳಸ್ತೀರಿ, ಅದನ್ನರ ಹೇಳು” ಎಂದರು. ಅವನು ಎದ್ದು ನಿಂತು, ಕತ್ತಲ ರಾತ್ರಿ ಯಾಕೆ ಬೇಕು, ಹೊಗೆ ಎಷ್ಟು ಹಾಕಬೇಕು, ಮರ ಹತ್ತುವ ಮೊದಲು ಯಾರನ್ನು ನೆನೆಯಬೇಕು, ಒಬ್ಬ ಗುರುತು ಮಾಡಿದ ಮರಕ್ಕೆ ಇನ್ನೊಬ್ಬ ಯಾಕೆ ಕೈ ಹಾಕುವಂತಿಲ್ಲ ಎಂದು ಗಂಟೆ ಹೊಡೆಯುವ ತನಕ ಹೇಳಿದ. ಮೇಷ್ಟ್ರು ಒಂದೊಂದನ್ನೂ ಟೈಲರನ ಪಟ್ಟಿಯ ಎದುರಿಗೆ ಬರೆಯುತ್ತಾ ಹೋದರು. ಜ್ಞಾನದ ಎದುರು ಹೊಗೆ, ನಂಬಿಕೆಯ ಎದುರು ಮರದ ದೇವರು, ಕಾನೂನಿನ ಎದುರು ಗುರುತು ಮಾಡಿದ ಮರ. ಭರತನಾಟ್ಯಕ್ಕೆ ಬೋರ್ಡಿನಲ್ಲಿ ಜಾಗ ಉಳಿಯಲಿಲ್ಲ.

ಬಂಧುತ್ವದ ಪಾಠಕ್ಕೆ ಅವರು ಪುಸ್ತಕ ತೆರೆಯಲೇ ಇಲ್ಲ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಎರಡು ಗೆರೆ. ಇಷ್ಟು ಕಲಿಸಿ, ಮನೆಯ ಹಿರಿಯರನ್ನು ಕೇಳಿ ವಂಶದ ನಕ್ಷೆ ಬರೆದು ತನ್ನಿ ಎಂದರು. ಅರೆಭಾಷೆ ಗೌಡರ ಮನೆಯವನಾದ ನಾನು ತಂದದ್ದೇ ತರಗತಿಯಲ್ಲಿ ದೊಡ್ಡ ನಕ್ಷೆ. ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಉದ್ದ ಮಾಡಬೇಕಾಯಿತು, ಮೇಷ್ಟ್ರು ಅದನ್ನು ಸ್ಟಾಫ್ ರೂಮಿನಲ್ಲಿ ತೂಗುಹಾಕಿದ್ದರು. ಆದರೆ ಅವರ ಮನಸ್ಸು ಹೋದದ್ದು ಒಬ್ಬ ಕೊಡವ ಗೆಳೆಯ ಹೇಳಿದ ಮಾತಿಗೆ. ಕೊಡವರ ಮದುವೆಯಲ್ಲಿ ಹುಡುಗಿಯ ಕಡೆಯ ಅರುವ, ಅಂದರೆ ಮನೆತನದ ಪರವಾಗಿ ನಿಲ್ಲುವವನು, ಹುಡುಗನ ಒಕ್ಕದ (ಮನೆತನದ) ಕೈಗೆ ಹನ್ನೊಂದು ಕಲ್ಲು ಕೊಟ್ಟು, ಹನ್ನೆರಡನೆಯದನ್ನು ತಾನೇ ಇಟ್ಟುಕೊಳ್ಳುತ್ತಾನೆ. “ಆ ಒಂದು ಕಲ್ಲು ಯಾಕಪಾ?” ಗೆಳೆಯನಿಗೆ ಗೊತ್ತಿರಲಿಲ್ಲ. ಶನಿವಾರ ಊರಿಗೆ ಹೋಗಿ ಅಜ್ಜಿಯನ್ನು ಕೇಳಿ ಬಂದ: ಹೋದಲ್ಲಿ ಏನಾದರೂ ಆದರೆ ಹುಡುಗಿಗೆ ಹುಟ್ಟಿದ ಒಕ್ಕದ ಬಾಗಿಲು ಮುಚ್ಚಬಾರದು, ಅದಕ್ಕೆ. ಎಷ್ಟೋ ಮದುವೆಗಳಲ್ಲಿ ಆ ಹೊತ್ತಿಗೆ ನಾವೆಲ್ಲ ಊಟದ ಸಾಲಿನಲ್ಲಿ ಇರುತ್ತಿದ್ದೆವು.

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಬರೆದ ಪುಸ್ತಕ 1952ರಲ್ಲಿ ಆಕ್ಸ್‌ಫರ್ಡಿನಿಂದ ಬಂದದ್ದು, ಸಂಸ್ಕೃತೀಕರಣ ಎಂಬ ಪರಿಕಲ್ಪನೆ ಅದರಿಂದಲೇ ಹೆಸರಾದದ್ದು, ಇವನ್ನೆಲ್ಲ ನಾವು ಅವರ ಬಾಯಿಂದ ಕೇಳಿದೆವು. ಸಂಸ್ಕೃತೀಕರಣವನ್ನು ಅವರು ವಿವರಿಸಿದ ರೀತಿ ಯಾವ ಗೈಡಿನಲ್ಲೂ ಸಿಗದು. “ನೀವು ಹಂದಿ ಬಿಟ್ಟು, ಕಳ್ಳು ಬಿಟ್ಟು ನನ್ನಂಗ ರೊಟ್ಟಿ ಪಲ್ಯಾ ತಿಂದು ‘ನಾವೂ ಮ್ಯಾಲಿನವರು’ ಅಂದ್ರ ಅದು ಸಂಸ್ಕೃತೀಕರಣ. ಬಿಡಬ್ಯಾಡ್ರಪಾ, ಹೋಲಿಸಿ ನೋಡಾಕ ನನಗ ಯಾರೂ ಉಳಿಯಂಗಿಲ್ಲ.” ಶುದ್ಧ ಸಸ್ಯಾಹಾರಿ ಅವರು. ಹಂದಿಮಾಂಸದ ಪಂದಿಕರಿಯ ವಾಸನೆ ಬಂದರೆ ಮೂಗು ಮುಚ್ಚಿಕೊಳ್ಳುತ್ತಿದ್ದರು, ಮುಚ್ಚಿಕೊಂಡೇ ಅದಕ್ಕೆ ಕಾಚಂಪುಳಿ ಎಂಬ ಕಪ್ಪು ಹುಳಿ ಯಾಕೆ ಹಾಕುತ್ತಾರೆ ಎಂದು ಕೇಳುತ್ತಿದ್ದರು.

ಈಗ ಪಾಯಸಕ್ಕೆ ಬರುತ್ತೇನೆ. ಆಗಸ್ಟ್ 3ರಂದು ಕೊಡವರಿಗೆ ಕಕ್ಕಡ ತಿಂಗಳ ಹದಿನೆಂಟು, ನಮಗೆ ಆಟಿ ತಿಂಗಳ ಹದಿನೆಂಟು. ಮದ್ದು ಸೊಪ್ಪಿಗೆ ಅಂದು ಹದಿನೆಂಟು ಬಗೆಯ ಔಷಧಿಯ ಗುಣ ಕೂಡಿ ಬರುತ್ತದೆಂಬ ನಂಬಿಕೆ. ಸೊಪ್ಪು ಬೇಯಿಸಿದ ನೇರಳೆ ನೀರಿನಲ್ಲಿ ಅಕ್ಕಿ, ಬೆಲ್ಲ, ತೆಂಗಿನ ಹಾಲು ಹಾಕಿ ಪಾಯಸ ಮಾಡುತ್ತಾರೆ. ಅದನ್ನು ತಿಂದವರ ಮೂತ್ರ ಕೆಂಪಗಾಗುತ್ತದೆ. ಕೊಡಗಿನ ಮಗುವಿಗೂ ಗೊತ್ತಿರುವ ಈ ಸಂಗತಿ ಹಾವೇರಿಯವರಿಗೆ ಗೊತ್ತಿರಲು ಸಾಧ್ಯವಿಲ್ಲ ಎಂದು ನಾವು ಲೆಕ್ಕ ಹಾಕಿದೆವು. ಮಾಂಸದ ಸೋಂಕಿಲ್ಲದ ತಿಂಡಿ, ಮೇಲೆ ತೆಂಗಿನ ಹಾಲು, ಮೇಷ್ಟ್ರಿಗೆ ಅನುಮಾನಕ್ಕೆ ಎಡೆಯೇ ಇರಲಿಲ್ಲ. ಸಂಜೆ ಅವರ ರೂಮಿಗೆ ಟಿಫನ್ ಕ್ಯಾರಿಯರ್ ತಲುಪಿತು. ಎರಡು ಸಲ ಬಡಿಸಿಕೊಂಡರು. ಆ ಒಂದು ದಿನ ಮಾತ್ರ ‘ಯಾಕಪಾ’ ಎಂದು ಕೇಳಲಿಲ್ಲ!

ಮರುದಿನ ಮೊದಲ ಪೀರಿಯಡಿಗೆ ಮೇಷ್ಟ್ರಿಲ್ಲ. ಆಸ್ಪತ್ರೆಯ ಸಾಲಿನಲ್ಲಿ ನಿಂತಿದ್ದಾರೆಂದು ಅಟೆಂಡರ್ ಹೇಳಿದಾಗ ನಮ್ಮ ನಗು ಹೊಟ್ಟೆಯೊಳಗೇ ನಿಂತಿತು. ಅಲ್ಲಿದ್ದ ನರ್ಸಮ್ಮ ಊರಿನವರೇ. ರೋಗಿ ಬಾಯಿ ಬಿಡುವ ಮೊದಲೇ, “ನಿನ್ನೆ ಪಾಯಸ ಕುಡಿದಿರಾ ಸಾರ್?” ಎಂದು ಕೇಳಿ ವಾಪಸ್ ಕಳಿಸಿದ್ದರಂತೆ.

ಬಂದವರು ಬೈಯಲಿಲ್ಲ. ಬೋರ್ಡಿನ ಮೇಲೆ ‘ಸಹಭಾಗಿ ಅವಲೋಕನ’ ಎಂದು ಬರೆದು, ಮಲಿನೋವ್ಸ್ಕಿ ಎಂಬ ಮಾನವಶಾಸ್ತ್ರಜ್ಞ ಮೊದಲ ಮಹಾಯುದ್ಧದ ಕಾಲದಲ್ಲಿ ಟ್ರೋಬ್ರಿಯಾಂಡ್ ದ್ವೀಪದ ಹಳ್ಳಿಯೊಳಗೇ ಡೇರೆ ಹಾಕಿ, ಅಲ್ಲಿನ ಭಾಷೆ ಕಲಿತು, ಅವರೊಂದಿಗೇ ಬದುಕಿ ಬರೆದದ್ದನ್ನು ಹೇಳಿದರು. “ನಿನ್ನೆ ಸಂಜಿ ನಾನು ಸಹಭಾಗಿ ಆದೆ. ಅವಲೋಕನ ಬೆಳಿಗ್ಗೆ ಬಚ್ಚಲದಾಗ ಆತು” ಎಂದರು. ತರಗತಿ ಬಿದ್ದು ಬಿದ್ದು ನಕ್ಕಿತು. ನಗು ಅಡಗಿದ ಮೇಲೆ, ಅದೇ ಕೆಂಪು ನಿಮಗೆ ಮದ್ದು ಹತ್ತಿದ್ದಕ್ಕೆ ಸಾಕ್ಷಿ, ನನಗೆ ಜೀವಭಯ, ಒಳಗಿನವರಿಗೂ ಹೊರಗಿನವರಿಗೂ ಇರುವ ಅಂತರ ಇಷ್ಟೇ ಎಂದರು. ಮುಂದಿನ ವರ್ಷಗಳಲ್ಲಿ ಅದೇ ದಿನ ಅವರೇ ಮನೆಮನೆಗೆ ಹೋಗಿ ಪಾಯಸ ಕೇಳಿ ಕುಡಿಯುತ್ತಿದ್ದರು.

ಈಗ ನನ್ನ ತಂಗಿಯ ಮೊಮ್ಮಗಳು ಅದೇ ವಿಷಯ ಓದುತ್ತಿದ್ದಾಳೆ. ಬಂಧುತ್ವ ಅಂದರೆ ಅವಳಿಗೆ ಐದು ಅಂಕದ ಪ್ರಶ್ನೆ, ಪಾಯಿಂಟ್ ಮಾಡಿ ಕೊಟ್ಟ ನೋಟ್ಸ್. ಪ್ರಾಜೆಕ್ಟಿಗೆ ವಂಶದ ನಕ್ಷೆ ಬೇಕಂತೆ, ಮೊಬೈಲಿನಿಂದ ಯಾವುದೋ ಇಂಗ್ಲಿಷ್ ಮನೆತನದ್ದನ್ನು ಇಳಿಸಿಕೊಂಡು ಹೆಸರು ಬದಲಿಸುತ್ತಿದ್ದಳು. ತೋಟದ ಮನೆಯಲ್ಲಿರುವ ಅಜ್ಜಿಯನ್ನು ಕೇಳಬಾರದೇ ಎಂದರೆ, “ಅಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ ಅಜ್ಜ” ಎಂದಳು. ಹುಡುಗಿಯನ್ನು ದೂರಿ ಫಲವಿಲ್ಲ. ಅವಳ ಉಪನ್ಯಾಸಕರಿಗೆ ಪಾಠಕ್ಕಿಂತ ಆನ್‌ಲೈನಿನಲ್ಲಿ ತುಂಬಬೇಕಾದ ಮಾಹಿತಿಯೇ ಹೆಚ್ಚು, ಊರೂರು ತಿರುಗಲು ಅವರಿಗೆ ಪುರುಸೊತ್ತೆಲ್ಲಿ? ನನ್ನ ಹಳೆಯ ನಕ್ಷೆಯ ನಕಲು ಪೆಟ್ಟಿಗೆಯಲ್ಲಿತ್ತು, ಕೊಟ್ಟೆ. ಪೂರ್ಣ ಅಂಕ ಬಂತು.

ಮೇಷ್ಟ್ರ ಸಂತಾಪ ಸಭೆಗೆಂದು ಸೇರಿದಾಗ ಪಾಯಸದ ಐಡಿಯಾ ಯಾರದ್ದೆಂದು ಜಗಳವೇ ಆಯಿತು. ಒಬ್ಬ ನಿವೃತ್ತ ಫಾರೆಸ್ಟರ್, ಒಬ್ಬ ಪ್ಲಾಂಟರ್, ಇಬ್ಬರೂ ತನ್ನದೇ ಎನ್ನುತ್ತಾರೆ. ನಾನು ಈ ಬರಹದ ಮೂಲಕ ದಾಖಲಿಸುತ್ತಿದ್ದೇನೆ: ಸೊಪ್ಪು ನಮ್ಮ ತೋಟದ್ದು, ಪಾಯಸ ನಮ್ಮ ಅವ್ವ ಮಾಡಿದ್ದು, ಟಿಫನ್ ಕ್ಯಾರಿಯರೂ ನಮ್ಮದೇ. ಅದರ ಮೇಲಿನ ಮುಚ್ಚಳ ಮೇಷ್ಟ್ರ ರೂಮಿನಲ್ಲೇ ಉಳಿದು, ಅವ್ವನ ಕೈಯಲ್ಲಿ ಬೈಸಿಕೊಂಡವನೂ ನಾನೇ. ಫಾರೆಸ್ಟರನಿಗೆ ಆಕ್ಷೇಪವಿದ್ದರೆ ಮುಂದಿನ ಸಂಚಿಕೆಗೆ ಬರೆಯಲಿ.