26ರಿಂದ 37ಕ್ಕೆ

ಕಾಲಾ ಅಜಾರ್ ಕಾಯಿಲೆ ತರುವ ಲೀಶ್ಮೇನಿಯಾ ಎಂಬ ಒಂದೇ ಕೋಶದ ಪರಾವಲಂಬಿಯನ್ನು ನಾವು ಲ್ಯಾಬಿನಲ್ಲಿ 26 ಡಿಗ್ರಿಯಲ್ಲಿ ಬೆಳೆಸುತ್ತೇವೆ. ಮರಳು ನೊಣದ ಹೊಟ್ಟೆಯಲ್ಲಿ ಅದಕ್ಕಿರುವ ರೂಪವೇ ಇಲ್ಲೂ ಇರುತ್ತದೆ. ಉದ್ದನೆಯ ತೆಳ್ಳನೆ ಮೈ, ಮುಂದಿನ ತುದಿಗೊಂದು ಚಾವಟಿ. ಆ ಚಾವಟಿಯೇ ಮೈಯನ್ನು ಎಳೆದುಕೊಂಡು ಹೋಗುತ್ತದೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಒಂದೂ ನಿಂತಲ್ಲಿ ನಿಲ್ಲುವುದಿಲ್ಲ.

ಕೆಲಸಕ್ಕೆ ಸೇರಿದ ಮೊದಲ ವರ್ಷ, ಒಂದು ಸಂಜೆ ಫ್ಲಾಸ್ಕನ್ನು ತಪ್ಪಿ 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಇಟ್ಟುಬಿಟ್ಟೆ. ಬೆಳಿಗ್ಗೆ ಈಜಾಟವೇ ಇಲ್ಲ. ಹೆಚ್ಚಿನವು ಮೈ ಗುಂಡಗೆ ಮಾಡಿಕೊಂಡು ಗುಂಪುಗುಂಪಾಗಿ ಕೂತಿದ್ದವು. ಸತ್ತೇ ಹೋದವು ಅಂದುಕೊಂಡೆ. ಆದರೂ ವಾಪಸ್ 26ಕ್ಕೆ ಇಟ್ಟೆ. ಮೂರನೇ ದಿನ ಅಲ್ಲೊಂದು ಇಲ್ಲೊಂದು ಚಾವಟಿ ಅಲ್ಲಾಡುತ್ತಿತ್ತು!

ನೊಣ ಕಚ್ಚಿದಾಗಲೂ ಆಗುವುದು ಇದೇ ಅಲ್ವಾ? ತಣ್ಣಗಿನ ನೊಣದಿಂದ ಬಿಸಿ ಮೈಗೆ ಒಂದೇ ಜಿಗಿತ. ಆಗ ಈ ಪರಾವಲಂಬಿಯ ಕೋಶದ ಪೊರೆಗೆ ಏನಾಗುತ್ತದೆ ಅನ್ನುವುದೇ ಈಗ ನನ್ನ ಕೆಲಸ.

ಪೊರೆ ಅಂದರೆ ಎರಡು ಸಾಲು ಕೊಬ್ಬಿನ ಅಣುಗಳು, ನಡುನಡುವೆ ಪ್ರೋಟೀನು. ಬಿಸಿ ಜಾಸ್ತಿಯಾದರೆ ಪೊರೆ ಸಡಿಲವಾಗಿ ಸೋರುತ್ತದೆ. ತಣ್ಣಗಾದರೆ ಬಿಗಿದುಕೊಂಡು ಪ್ರೋಟೀನುಗಳು ಅಲುಗಾಡಲಾರವು. ಪೊರೆಯ ಹದ ನಿಂತಿರುವುದು ಕೊಬ್ಬಿನ ಅಣುಗಳಲ್ಲಿರುವ ಇಂಗಾಲದ ಸರಪಳಿಗಳ ಮೇಲೆ. ಅಂಥ ಸರಪಳಿಗಳಾದ ಸ್ಟಿಯರಿಕ್, ಓಲಿಯಿಕ್, ಲಿನೋಲಿಯಿಕ್ ಆಮ್ಲಗಳನ್ನೇ ನೋಡಿ. ಮೂರರಲ್ಲೂ 18 ಇಂಗಾಲ. ಮೊದಲನೆಯದು ಕರಗುವುದು ಸುಮಾರು 69 ಡಿಗ್ರಿಗೆ. ಒಂದು ಡಬಲ್ ಬಾಂಡ್ ಇರುವ ಓಲಿಯಿಕ್ 13ಕ್ಕೇ ಕರಗುತ್ತದೆ. ಎರಡಿರುವ ಲಿನೋಲಿಯಿಕ್ ಸೊನ್ನೆಗಿಂತಲೂ ಕೆಳಗೆ, ಮೈನಸ್ 5ರಲ್ಲಿ. ಡಬಲ್ ಬಾಂಡ್ ಇರುವ ಕಡೆ ಸರಪಳಿ ಬಾಗುತ್ತದೆ, ಬಾಗಿದವು ಒತ್ತಾಗಿ ಕೂರಲಾರವು. ಅಷ್ಟೇ ಗುಟ್ಟು. ಚಳಿಗೆ ಬಾಗಿದ ಸರಪಳಿ ಜಾಸ್ತಿ ಮಾಡು, ಬಿಸಿಗೆ ನೆಟ್ಟನೆಯದನ್ನು ಜಾಸ್ತಿ ಮಾಡು. ಬ್ಯಾಕ್ಟೀರಿಯಾ ಹೀಗೆ ತನ್ನ ಪೊರೆಯ ಹದ ಕಾಯುತ್ತದೆ ಎಂದು 1974ರಲ್ಲಿ ಸಿನೆನ್ಸ್ಕಿ ಎಂಬ ವಿಜ್ಞಾನಿ ಇ. ಕೋಲಿಯಲ್ಲಿ ತೋರಿಸಿದರು.

ನನಗೆ ತುಂಬಾ ಹಿಡಿಸಿದ್ದು ಇನ್ನೊಂದು ಸಂಗತಿ. ಲಿನೋಲಿಯಿಕ್ ಆಮ್ಲವನ್ನು ನಮ್ಮ ಮೈ ತಯಾರಿಸಲಾರದು, ಊಟದಿಂದಲೇ ಬರಬೇಕು. ಈ ಪರಾವಲಂಬಿಗೆ ಅದನ್ನು ತಾನೇ ಮಾಡಿಕೊಳ್ಳುವ ಕಿಣ್ವವಿದೆ. ನಮ್ಮಲ್ಲಿಲ್ಲದ ಕಿಣ್ವ ಅಂದರೆ ಔಷಧಿಗೊಂದು ಗುರಿ. ಇಂಥ ಗುರಿ ಸುಮ್ನೆ ಕನಸೇನಲ್ಲ. ಇದರ ಪೊರೆಯಲ್ಲಿ ನಮ್ಮ ಕೊಲೆಸ್ಟ್ರಾಲಿನ ಜಾಗದಲ್ಲಿ ಎರ್ಗೋಸ್ಟೆರಾಲ್ ಇದೆ. ಕಾಲಾ ಅಜಾರ್‌ಗೆ ಕೊಡುವ ಆಂಫೋಟೆರಿಸಿನ್ ಬಿ ಔಷಧಿ ಹಿಡಿದುಕೊಳ್ಳುವುದು ಅದನ್ನೇ.

ಈ ವಾರ ಎರಡು ಫ್ಲಾಸ್ಕುಗಳಿಂದ, 26ರಲ್ಲಿಟ್ಟದ್ದೊಂದು, 37ರಲ್ಲಿಟ್ಟದ್ದೊಂದು, ಕೊಬ್ಬು ತೆಗೆದೆ. ಎರಡಕ್ಕೂ ಒಂದೇ ಬಾಟಲಿಯ ಸೀರಮ್ ಹಾಕಿದ್ದೆ, ಏಕೆಂದರೆ ಸೀರಮ್ಮಿನ ಕೊಬ್ಬನ್ನೂ ಇವು ಹೀರಿಕೊಳ್ಳುತ್ತವೆ. ಎರಡು ಪಾಲು ಕ್ಲೋರೋಫಾರ್ಮ್, ಒಂದು ಪಾಲು ಮೆಥನಾಲ್. ಕೆಳಗಿನ ಪದರವನ್ನು ಮೆಲ್ಲಗೆ ಎಳೆದುಕೊಂಡು ನೈಟ್ರೋಜನ್ ಊದಿ ಒಣಗಿಸಿದೆ. ಸೀಸೆಯ ತಳದಲ್ಲಿ ಉಳಿದಿದ್ದು ಒಂದು ತೆಳು ಜಿಡ್ಡು. 26 ಎಂದು ಬರೆದದ್ದೂ 37 ಎಂದು ಬರೆದದ್ದೂ ನೋಡಲು ಒಂದೇ ಥರ. ಯಾವ ಸರಪಳಿ ಎಷ್ಟಿದೆ ಎಂದು ಅಳೆಯುವ ಯಂತ್ರ, ಗ್ಯಾಸ್ ಕ್ರೊಮಟೋಗ್ರಾಫ್, ಸೋಮವಾರ ಖಾಲಿ ಇದೆ, ಮೊದಲ ಸರದಿ ನನ್ನದು.