ಠಾಣೆಯ ಸಾಲಿನಲ್ಲಿ ಬಂದ ಸಂಬಂಧ

ಚುನಾವಣೆ ಬಂತೆಂದರೆ ನಮ್ಮ ತೀರ್ಥಹಳ್ಳಿ ಕಡೆ ತೋಟದ ಕೋವಿಗಳೆಲ್ಲ ಠಾಣೆ ಸೇರುತ್ತವೆ. 2024ರಲ್ಲಿ ನೀತಿ ಸಂಹಿತೆ ಶುರುವಾಗಿದ್ದು ಮಾರ್ಚ್ 16ಕ್ಕೆ, ಮತ ಎಣಿಕೆ ಜೂನ್ 4ಕ್ಕೆ. ಅಲ್ಲಿವರೆಗೆ ತೋಟ ಮಂಗಗಳದ್ದೇ. ಅಪ್ಪಯ್ಯ ಜೋಡುನಳಿಗೆ ಕೋವಿಯನ್ನು ಹಳೇ ಜಮಖಾನದಲ್ಲಿ ಸುತ್ತಿ ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿದರು. ಕಾರು ಓಡಿಸಿದ್ದು ನಾನು.

ಕೋವಿ ಕಾನೂನು ಬಿಗಿಯಾಗಿಯೇ ಇರಬೇಕು ಅನ್ನುವವಳು ನಾನು. ಶಿಕಾರಿಗೆ ಹೋದವರು ಕತ್ತಲಲ್ಲಿ ಹಂದಿ ಅಂತ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಮಲೆನಾಡಿಗೆ ಹೊಸದೇನಲ್ಲ. ಆದರೆ ಠಾಣೆಯಲ್ಲಿ ಸಾಲು ನಿಲ್ಲುವವರು ಲೈಸೆನ್ಸ್ ಇದ್ದವರು ಮಾತ್ರ. ಕದ್ದು ನಾಡಕೋವಿ ಇಟ್ಟುಕೊಂಡವನು ಯಾವ ಚುನಾವಣೆಗೂ ಅದನ್ನು ತಂದುಕೊಡುವುದಿಲ್ಲ, ಅಲ್ವಾ? ಇನ್ನು ಲೈಸೆನ್ಸ್ ಸಿಗುವುದು ಬೆಳೆ ರಕ್ಷಣೆಗೆ. ಆದರೆ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿಯಲ್ಲಿ ನಮ್ಮ ಮಂಗ ಅತಿ ಹೆಚ್ಚು ರಕ್ಷಣೆಯ ಮೊದಲನೇ ಪಟ್ಟಿಗೇ ಏರಿ ಕೂತಿದೆ. ಹೊಡೆದರೆ ಜೈಲು. ಹಾಗಾಗಿ ಅಪ್ಪಯ್ಯನ ಕೋವಿ ಹೊಡೆಯುವುದು ಆಕಾಶಕ್ಕೆ. ಆ ಸದ್ದಿಗೆ ಮಂಗಗಳು ಪಕ್ಕದವರ ತೋಟಕ್ಕೆ ಹೋಗುತ್ತವೆ. ಅವರು ಹೊಡೆದಾಗ ವಾಪಸ್ ಬರುತ್ತವೆ. ಲೈಸೆನ್ಸ್ ಅವಧಿ ಮೂರು ವರ್ಷದಿಂದ ಐದಕ್ಕೆ ಏರಿದ್ದೊಂದು ಪುಣ್ಯ.

ಸಾಲು ಉದ್ದವಿತ್ತು. ಪೇದೆಯೊಬ್ಬರು ಕೋವಿಯ ನಂಬರನ್ನು ರಟ್ಟಿನ ಚೀಟಿಗೆ ಬರೆದು, ದಾರದಿಂದ ಕೋವಿಯ ಕುದುರೆ (ಟ್ರಿಗರ್) ಹತ್ತಿರ ಬಿಗಿದು ಕಟ್ಟುತ್ತಿದ್ದರು. ಅಷ್ಟರಲ್ಲಿ ನನಗೆ ಬೆಂಗಳೂರಿನ ಆಫೀಸಿನ ಮೀಟಿಂಗ್. ಮನೆಯಲ್ಲಿ ಅಟ್ಟ ಹತ್ತಿದರೆ ಮಾತ್ರ ನೆಟ್‌ವರ್ಕ್. ಠಾಣೆಯ ಕಾಂಪೌಂಡಿನಲ್ಲಿ ಫುಲ್! ಕಾರಿನಲ್ಲೇ ಲ್ಯಾಪ್‌ಟಾಪ್ ತೆರೆದೆ. ಮಳೆಗಾಲದಲ್ಲಿ ಕರೆಂಟಿಲ್ಲದ ದಿನ ಇನ್ವರ್ಟರ್ ಕೂಗಿಕೊಳ್ಳುವಾಗಲೂ ನನ್ನ ಕೆಲಸ ನಿಂತಿಲ್ಲ. ದಿನಾ ಆಫೀಸಿಗೆ ಬಂದರೇನೇ ಕೆಲಸ ಅನ್ನುವವರ ಮಾತು ನನಗೆ ಅರ್ಥವೇ ಆಗುವುದಿಲ್ಲ.

ಮೀಟಿಂಗ್ ಮುಗಿಸಿ ಬಂದರೆ ಅಪ್ಪಯ್ಯನ ಮುಂದೆ ನಿಂತಿದ್ದ ಹಿರಿಯರೊಬ್ಬರು ಸಂಬಂಧದ ಮಾತು ತೆಗೆದಿದ್ದರು. ಒಬ್ಬನೇ ಮಗ, ನಾಲ್ಕು ಎಕರೆ ಅಡಿಕೆ ತೋಟ, ಎಲೆಚುಕ್ಕಿ ರೋಗ ಇನ್ನೂ ಅಷ್ಟಾಗಿ ಬಂದಿಲ್ಲ. ತೋಟದ ಹುಡುಗರಿಗೆ ಹೆಣ್ಣು ಸಿಗುತ್ತಿಲ್ಲ ಅನ್ನುವ ಸಂಕಟ ನನಗೂ ಗೊತ್ತು. ನಮ್ಮೂರಲ್ಲೇ ನಲವತ್ತು ದಾಟಿದವರಿದ್ದಾರೆ. ಊರು ಬೇಡ ಅಂತ ಹುಡುಗಿಯರು ಓಡಿಹೋಗುತ್ತಾರೆ ಅಂತ ದೂರುವವರೇ ಜಾಸ್ತಿ. ನಾನು ಊರಲ್ಲೇ ಇದ್ದೇನಲ್ಲ! ಊರು ಬೇಕು. ಅಡಿಕೆ ಕೊನೆ ಕೊಯ್ಯುವ ಹತ್ತು ಆಳುಗಳಿಗೆ ಬೆಳಿಗ್ಗೆ ಕಡುಬು, ಮಧ್ಯಾಹ್ನ ಊಟ, ಅದರ ನಡುವೆ ಆಫೀಸು, ಇದಷ್ಟೇ ಬೇಡ.

"ನಿಂಗೆ ಎಂತ ಕಷ್ಟ ಮಾರಾಯ್ತಿ? ಹೇಗೂ ಮನೇಲೇ ಇರ್ತೀಯಲ್ಲ. ಕೆಲಸಾನೂ ಆಯ್ತು, ಮನೇನೂ ಆಯ್ತು" ಅಂದರು.

"ನಿಮ್ಮ ಮಗನೂ ಮನೇಲೇ ಇರ್ತಾರಲ್ಲ ದೊಡ್ಡಪ್ಪ, ಅಡುಗೆ ಮಾಡ್ತಾರಾ?" ಅಂತ ಕೇಳಿದೆ.

ಹಿಂದೆ ನಿಂತವರು ಕಿಸಕ್ಕನೆ ನಕ್ಕರು. ಅವರೂ ನಕ್ಕರು, ಸ್ವಲ್ಪ ತಡವಾಗಿ. ಆಮೇಲೆ ಅಪ್ಪಯ್ಯನ ಕಡೆ ತಿರುಗಿ, "ರಾಶಿ ಅಡಿಕೆಗೆ ರೇಟು ಎಷ್ಟಾಯ್ತಂತೆ?" ಅಂದರು.