ಎಕ್ಸ್‌ರೇ ಮೇಲೊಂದು ಗೆರೆ

ಇಂದು ಬಾಗಲಕೋಟೆಯಲ್ಲಿ ಕಾಕಾ ಅವರ ಎಕ್ಸ್‌ರೇ ನೋಡಿದೆ. ಅವರನ್ನು ನಿಲ್ಲಿಸಿ ತೆಗೆದ, ಸೊಂಟದಿಂದ ಪಾದದ ಕೀಲಿನವರೆಗಿನ ಇಡೀ ಕಾಲಿನ ಉದ್ದನೆಯ ಚಿತ್ರವದು. ವೈದ್ಯರು ತೊಡೆಯೆಲುಬಿನ ತಲೆಯ ನಡುವಿನಿಂದ ಪಾದದ ಕೀಲಿನ ನಡುವಿಗೆ ಒಂದು ನೇರ ಗೆರೆ ಎಳೆದರು.

ಮೊಣಕಾಲಿನ ಮಧ್ಯದ ಹತ್ತಿರ ಹಾಯಬೇಕಾದ ಆ ಗೆರೆ ತೀರ ಒಳಬದಿಗೆ ಸರಿದಿತ್ತು. ಹೆಚ್ಚಿನ ಭಾರ ಅಲ್ಲಿಯೇ ಬೀಳುವುದರಿಂದ ಮೃದ್ವಸ್ಥಿ ಸವೆಯುತ್ತದೆ, ಸವೆದಷ್ಟೂ ಕಾಲು ಇನ್ನಷ್ಟು ಬಿಲ್ಲಾಗುತ್ತದೆ.

ಮೊಣಕಾಲಿನ ಕೀಲನ್ನೇ ಬದಲಿಸುವ ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಿದ್ದೆ. ಆದರೆ ಕೀಲನ್ನು ಉಳಿಸಿಕೊಂಡು, ಅದರ ಕೆಳಗಿನ ಟಿಬಿಯಾ ಎಲುಬನ್ನು ಒಳಬದಿಯಿಂದ ಕೊಯ್ದು, ಹೊರ ಅಂಚನ್ನು ಕೂಡಿಕೊಂಡಂತೆಯೇ ಬಿಟ್ಟು, ಕೆಲವೇ ಮಿಲಿಮೀಟರ್ ತೆರೆದು, ಪ್ಲೇಟು ಸ್ಕ್ರೂಗಳಿಂದ ಬಿಗಿದು, ಭಾರವನ್ನು ಇನ್ನೂ ಚೆನ್ನಾಗಿರುವ ಹೊರಬದಿಗೆ ದಾಟಿಸುವ ಹೈ ಟಿಬಿಯಲ್ ಆಸ್ಟಿಯಾಟಮಿ ನನಗೆ ಹೊಸದು. ಗೆರೆಯು ಮೊಣಕಾಲಿನ ಬಳಿ ಟಿಬಿಯಾದ ಒಳ ಅಂಚಿನಿಂದ ಅದರ ಅಗಲದ ಸುಮಾರು ಶೇ. 62ರಷ್ಟು ದೂರದಲ್ಲಿ ಹಾಯುವಂತೆ ಲೆಕ್ಕ ಹಾಕುವುದು ಹಳೆಯ ರೂಢಿಯಂತೆ. (ಎಲುಬಿಗೂ ಇಷ್ಟು ಗಣಿತವೇ!)

ಸವೆತ ಒಂದೇ ಬದಿಗಿದ್ದು, ವಯಸ್ಸು ತೀರ ಹೆಚ್ಚಾಗಿರದವರಿಗೆ ಇದು ಹೊಂದುತ್ತದೆ. ಇನ್ನೂ ಹೊಲ ಮಾಡುವ ಕಾಕಾ ಅವರಿಗೆ ಇದೇ ಸರಿ ಎಂಬುದು ನನ್ನ ಅನಿಸಿಕೆ. ಎಲುಬು ಕೂಡುವವರೆಗೆ ವಾರಗಟ್ಟಲೆ ಊರುಗೋಲು ಹಿಡಿಯಬೇಕೆಂದಾಗ ಮಾತ್ರ ಅವರು, "ಜ್ವಾಳದ ರಾಶಿ ಮುಗೀಲಿ, ಆಮ್ಯಾಲ ನೋಡೂಣು" ಎಂದರು.